ಬಾಕ್ಸಿಂಗ್ ಸಿನಿಮಾ ಮತ್ತು ನಮ್ಮ ಮನೆಯವರ ಬೆನ್ನು

ಮೊದಲಿಗೇ ಒಂದು ಗುಟ್ಟು ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಬನಹಟ್ಟಿಯಲ್ಲಿ ತೆಗೆದ ಆ ಬಾಕ್ಸಿಂಗ್ ಸಿನಿಮಾವನ್ನು ನೀವೇನಾದರೂ ನೋಡಿದ್ದರೆ, ಹೀರೋನ ಗುದ್ದು ಬಿದ್ದಾಗಲೆಲ್ಲ ಕೇಳುವ ಆ 'ಧಪ್, ಧಪ್' ಸದ್ದಿಗೆ ನಿಮ್ಮ ಎದೆ ನಡುಗಿದ್ದರೆ, ಸಮಾಧಾನ ಮಾಡಿಕೊಳ್ಳಿ. ಅದು ಗುದ್ದಿನ ಸದ್ದಲ್ಲ. ನಾನು ರೊಟ್ಟಿ ಬಡಿದ ಸದ್ದು.

ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಸಿನಿಮಾದ ಸೌಂಡಿನವನು ಚಹಾ ಕೇಳಿಕೊಂಡು ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಕಣ್ಣು ಮುಚ್ಚಿದ. ಆಮೇಲೆ ಓಡಿಹೋಗಿ ಅಳಿಲಿನ ಬಾಲದಂಥ ಒಂದು ಮೈಕು ತಂದು ನನ್ನ ರೊಟ್ಟಿ ಹಿಟ್ಟಿನ ಪರಾತದ ಮೇಲೆ ಹಿಡಿದ. "ಆಂಟಿ, ಬಡೀರಿ" ಅಂದ. ಬಡಿದೆ. "ಇನ್ನೂ ಸ್ವಲ್ಪ ಕೋಪದಿಂದ ಬಡೀರಿ ಆಂಟಿ" ಅಂದ. ಊರಿನ ಹೈಸ್ಕೂಲಿನಲ್ಲಿ ಮೊದಲು ಅಪ್ಪನನ್ನು, ಆಮೇಲೆ ಮಗನನ್ನು ಅದೇ ಬೆಂಚಿನ ಮೇಲೆ ಕೂರಿಸಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಊರೆಲ್ಲ ನನ್ನನ್ನು 'ಅಕ್ಕೋರ' ಅನ್ನುತ್ತದೆ. ಈ ಸಿನಿಮಾದವರು ಬಂದ ದಿನವೇ 'ಆಂಟಿ' ಮಾಡಿಬಿಟ್ಟಿದ್ದರು. "ಸಿಟ್ಟ ಎಷ್ಟ ಬೇಕ್ ಹೇಳಪಾ, ಮನಿ ತುಂಬ ಐತಿ" ಅಂದು ಬಡಿದೆ. ಅವನಿಗೆ ಬಹಳ ಖುಷಿಯಾಯಿತು. ಅವತ್ತು ನಮ್ಮ ಮನೆಯಲ್ಲಿ ಊಟಕ್ಕೆ ಕೂತವರಿಗೆಲ್ಲ ಒಡಕು ರೊಟ್ಟಿ.

ಸಿನಿಮಾದ ಗುದ್ದು ಯಾರಿಗೂ ತಾಗುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದೂ ಆಗಲೇ. ಹೀರೋನ ಮುಷ್ಟಿಗೂ ಎದುರಾಳಿಯ ಗಲ್ಲಕ್ಕೂ ನಡುವೆ ಒಂದು ಕೊಡ ಇಡುವಷ್ಟು ಜಾಗ ಇರುತ್ತದೆ. ಕ್ಯಾಮೆರಾ ಒಂದು ಮಗ್ಗುಲಲ್ಲಿ ನಿಂತು ಆ ಜಾಗವನ್ನು ನುಂಗಿಹಾಕುತ್ತದೆ. ಹೊಡೆಸಿಕೊಂಡವನು ತಾನೇ ಕತ್ತು ಹೊರಳಿಸಿಕೊಳ್ಳಬೇಕು. ಬೆವರೂ ಸುಳ್ಳು. ಶಿವರಾತ್ರಿ ಕಳೆದ ಮೇಲಿನ ನಮ್ಮ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಒಮ್ಮೆ ಬನ್ನಿ. ಇಲ್ಲಿ ಸುಮ್ಮನೆ ನಿಂತವನೂ ತೊಯ್ದು ತೊಪ್ಪೆಯಾಗುತ್ತಾನೆ. ಇವರು ಏನು ಮಾಡಿದರು ಅಂತೀರಿ? ಹೀರೋನ ಖರೆ ಬೆವರನ್ನು ಟವೆಲಿನಿಂದ ಒರೆಸಿ, ಪೌಡರು ಹಚ್ಚಿ, ಅದರ ಮೇಲೆ ಕ್ಷೌರದಂಗಡಿಯ ಬಾಟಲಿಯಿಂದ ನೀರು ಸಿಂಪಡಿಸಿ ಸುಳ್ಳು ಬೆವರು ಮಾಡಿದರು. ಖರೆ ಬೆವರು ಕ್ಯಾಮೆರಾಕ್ಕೆ ಹೊಳೆಯುವುದಿಲ್ಲವಂತೆ.

ರಕ್ತದ ಕಥೆ ಇನ್ನೊಂದು. ಬೆಂಗಳೂರಿನಿಂದ ತಂದ ಬಾಟಲಿಯ ರಕ್ತ ಎರಡೇ ದಿನಕ್ಕೆ ಖಾಲಿಯಾಯಿತು. ಮುಧೋಳದ ಕಡೆಯಿಂದ ಜೋನಿಬೆಲ್ಲ ತರಿಸಿ ಕೆಂಪು ಬಣ್ಣ ಕಲಸಿದರು. ಕಬ್ಬು ಅರೆಯುವ ದಿನಗಳು, ಸೀಮೆಯ ನೊಣವೆಲ್ಲ ಬೆಲ್ಲದ ವಾಸನೆಗೆ ಕಾದು ಕೂತಿರುವ ಕಾಲ. ಹೀರೋ ಗಲ್ಲಕ್ಕೆ ಬೆಲ್ಲ ಹಚ್ಚಿಕೊಂಡು ಸೆಣಸಲು ನಿಂತರೆ ನೊಣ ಬಿಡುತ್ತದೆಯೇ? ಮೂರನೆಯ ದಿನ ಜೇನುಹುಳುವೇ ಬಂದು ತುಟಿಗೆ ಕಚ್ಚಿತು. ತುಟಿ ಬದನೆಕಾಯಿಯಾಯಿತು. ನಿರ್ದೇಶಕನಿಗೆ ಹಬ್ಬ. ಮೇಕಪ್ಪಿನವನನ್ನು ಪಕ್ಕಕ್ಕೆ ಸರಿಸಿ, ಅವನ ಊದಿದ ತುಟಿಯ ಮೇಲೆ ಇಡೀ ದಿನ ಶೂಟಿಂಗ್ ಮಾಡಿದ. "ಇದು ರಾ ಆಗಿದೆ ಆಂಟಿ" ಅಂದ.

ಈ 'ರಾ' ಎನ್ನುವುದು ಅವನ ಮಂತ್ರ. ನಮ್ಮ ಮಣ್ಣು ರಾ, ನಮ್ಮ ಮಂದಿಯ ಮುಖ ರಾ, ನನ್ನ ಅಡುಗೆಮನೆಯ ಹೊಗೆ ಹಿಡಿದ ಗೋಡೆಯೂ ರಾ. ಕಚ್ಚಾ ಅಂತ ಅರ್ಥವೇನಪ್ಪಾ ಅಂದರೆ ಹೌದು ಅಂದ. ನಮ್ಮ ಮನೆಯಲ್ಲಿ ಕಚ್ಚಾ ರೊಟ್ಟಿಯನ್ನು ದನಕ್ಕೆ ಹಾಕುತ್ತೇವೆ, ಅದನ್ನೇನೂ ಹೊಗಳುವುದಿಲ್ಲ. ಬೆಳಗಿನ ಓಟದ ದೃಶ್ಯಕ್ಕೆ ಹೀರೋನ ಪಕ್ಕದಲ್ಲಿ ಮುಧೋಳ ನಾಯಿ ಓಡಬೇಕೆಂದು ಹಟ ಹಿಡಿದ. ಆ ನಾಯಿಗೆ ಓಡುವುದು ಗೊತ್ತು, ಪಕ್ಕದಲ್ಲಿ ಓಡುವುದು ಗೊತ್ತಿಲ್ಲ. 'ಆಕ್ಷನ್' ಅಂದದ್ದೇ ತಡ, ಹೀರೋ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅದು ಕಣ್ಮರೆ. ಸಂಜೆ ಲೋಕಾಪುರದ ರಸ್ತೆಯಲ್ಲಿ ಸಿಕ್ಕಿತು. ನಾಯಿಯ ಮಾಲಕ ಬಂದು ನಿರ್ದೇಶಕನ ಏಳು ತಲೆಮಾರನ್ನು ನೆನೆಸಿದ. ಕೊನೆಗೆ ನಾಯಿಯನ್ನು ಬದುವಿನ ಮೇಲೆ ಕೂರಿಸಿ, ಹೀರೋನನ್ನು ಅದರ ಮುಂದೆ ಓಡಿಸಿದರು.

ಇಷ್ಟೆಲ್ಲ ತಾಪತ್ರಯ ನಮ್ಮ ಮನೆಗೇ ಏಕೆ ವಕ್ಕರಿಸಿತು ಎಂದು ನೀವು ಕೇಳಬಹುದು. ನಮ್ಮ ಮನೆಯವರ ಬೆನ್ನಿನಿಂದ.

ನಮ್ಮ ಮನೆಯವರು ಮಲಕಾಜಪ್ಪ ಪೈಲವಾನರು. ಈಗ ನಾಲ್ಕು ಪಾವರ್‌ಲೂಮ್ ನಡೆಸಿಕೊಂಡು, ಮೊಣಕಾಲು ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂಡುವವರು. ಆದರೆ ವಯಸ್ಸಿನಲ್ಲಿ ಈ ಸೀಮೆಯ ಹೆಸರಾಂತ ಕುಸ್ತಿಪಟು. ಜಮಖಂಡಿ, ಮುಧೋಳ ಎರಡೂ ಸಂಸ್ಥಾನದ ಊರುಗಳು. ರಾಜರು ಹೋದರೂ ಅವರು ಹಾಲು ಬಾದಾಮಿ ಹಾಕಿ ಸಾಕಿದ ಕುಸ್ತಿಯ ಹುಚ್ಚು ಹೋಗಿಲ್ಲ, ಓಣಿಗೊಂದು ಗರಡಿಮನೆ ಇನ್ನೂ ಇದೆ. ಕುಸ್ತಿಯಲ್ಲಿ ಗೆಲ್ಲುವುದೆಂದರೆ ಒಂದೇ ಲೆಕ್ಕ: ಎದುರಾಳಿಯನ್ನು ಅಂಗಾತ ಕೆಡವಿ ಬೆನ್ನನ್ನು ಮಣ್ಣಿಗೆ ಹಚ್ಚಬೇಕು. ಬೆನ್ನು ಮಣ್ಣಿಗೆ ಹತ್ತಿತೋ ಆಟ ಮುಗಿಯಿತು. ನಮ್ಮ ಮನೆಯವರು ಗೆದ್ದದ್ದುಂಟು, ಸರಿಸಮ ಮಾಡಿಕೊಂಡು ಬಂದದ್ದೂ ಉಂಟು. ಬೆನ್ನಿಗೆ ಮಾತ್ರ ಒಮ್ಮೆಯೂ ಮಣ್ಣು ಹತ್ತಿಲ್ಲ. ಸಾವಳಗಿಯಿಂದ ಬೀಳಗಿಯವರೆಗೆ ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ವಯಸ್ಸಾದವರು ಯಾರಾದರೂ ಬಂದು ನಮಸ್ಕಾರ ಹೇಳುತ್ತಾರೆ. ಮುಖಕ್ಕೆ ಹೇಳಿ, ಹಾದು ಹೋಗುವಾಗ ಬೆನ್ನನ್ನೊಮ್ಮೆ ನೋಡಿಕೊಂಡು ಹೋಗುತ್ತಾರೆ.

ನನ್ನ ಮದುವೆಯೂ ಆ ಬೆನ್ನಿನ ಜೊತೆಗೇ ಆದದ್ದು. ನೆಂಟಸ್ತನ ತಂದವರನ್ನು ನಮ್ಮಪ್ಪ, "ಹುಡುಗ ಏನ್ ಮಾಡ್ತಾನ್ರಿ?" ಅಂತ ಕೇಳಿದರಂತೆ. "ಬೆನ್ನಿಗೆ ಮಣ್ಣ ಹತ್ತಿಲ್ಲರಿ" ಅಂದರು. "ಅದ ಖರೆರಿ, ಉದ್ಯೋಗ ಏನು?" ಅಂದರೆ, "ಹೇಳಿದ್ನೆಲ್ಲರಿ, ಬೆನ್ನಿಗೆ ಮಣ್ಣ ಹತ್ತಿಲ್ಲ" ಅಂದರು. ಅಷ್ಟರ ಮೇಲೆ ಅಕ್ಷತೆ ಬಿತ್ತು. ಆಮೇಲೆ ಈ ಬೆನ್ನಿನ ಮಹಿಮೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದು ಹೋಗಿದೆ. "ರಾತ್ರಿಯಿಡೀ ಅದ ಬೆನ್ನ ಗಾದಿಗೆ ಹತ್ತಿರತೈತಿ, ಗೊರಕಿ ಹೊಡಿತಿರ್ತೀರಿ, ಆವಾಗ ಯಾರೂ ಹಲಗಿ ಬಾರಿಸೂದಿಲ್ಲಲ್ಲ" ಅಂತ ಚುಚ್ಚುತ್ತಿದ್ದೆ. ಅವರು ನಗುತ್ತಿದ್ದರು. ಕನ್ನಡ ಕಲಿಸುವವಳಿಗೆ ಬೆನ್ನಿನ ಮೇಲೆ ಸಿಟ್ಟು ಬಂದರೂ ಬಿಡುವ ಹಾಗಿಲ್ಲ ನೋಡಿ. ಶಹಬ್ಬಾಸ್ ಅನ್ನಬೇಕಾದರೆ ಬೆನ್ನು ತಟ್ಟುತ್ತೇವೆ. ಹೆದರಿದವನು ಬೆನ್ನು ತೋರಿಸುತ್ತಾನೆ, ಧೈರ್ಯದವನು ಅವನ ಬೆನ್ನು ಹತ್ತುತ್ತಾನೆ. ತಮ್ಮ ತಂಗಿಯರನ್ನು ಬೆನ್ನಿಗೆ ಬಿದ್ದವರು ಅನ್ನುತ್ತೇವೆ. ಒಂದು ಸಲ ತರಗತಿಯಲ್ಲಿ ಇಷ್ಟೆಲ್ಲ ವಿವರಿಸಿ, ಬೆನ್ನಿನ ಮೇಲೆ ಒಂದು ವಾಕ್ಯ ಮಾಡಿರೋ ಅಂದರೆ, ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, 'ಅಕ್ಕೋರ ಗಂಡನ ಬೆನ್ನಿಗೆ ಮಣ್ಣು ಹತ್ತಿಲ್ಲ' ಅಂದಿದ್ದ. ಪೂರಾ ಮಾರ್ಕ್ಸ್ ಕೊಡಬೇಕಾಯಿತು.

ಈ ಹೆಸರು ಕೇಳಿಯೇ ನಿರ್ದೇಶಕ ನಮ್ಮ ಮನೆ ಹುಡುಕಿಕೊಂಡು ಬಂದ. ಹೀರೋನ ಕೊನೆಯ ಎದುರಾಳಿಯಾಗಿ, ಹಳೆಯ ಹುಲಿಯಾಗಿ, ನಮ್ಮ ಮನೆಯವರು ಬಾಕ್ಸಿಂಗ್ ಆಡಬೇಕಂತೆ. "ಇವರಿಗೆ ಮೊಣಕಾಲ್ ನೋವ್ ಐತಿ" ಅಂದೆ. ಅದೂ ರಾ ಆಗಿದೆ ಅಂದ. ನಮ್ಮ ಮನೆಯವರು ಮಾತ್ರ ಬಹಳ ಗಂಭೀರವಾಗಿ ಕಥೆ ಕೇಳಿದರು. ಕೊನೆಗೆ ಹೀರೋ ಗೆಲ್ಲಬೇಕು, ಇವರು ಸೋಲಬೇಕು.

"ಸೋಲಾಕ ನಾ ಅಂಜೂದಿಲ್ಲ. ಹೆಂಗ್ ಸೋಲೂದು?"

"ಪಾಯಿಂಟ್ಸ್ ಮೇಲೆ ಸರ್. ಕೊನೆಗೆ ರೆಫ್ರಿ ಹೀರೋ ಕೈ ಎತ್ತುತ್ತಾರೆ, ನೀವು ಪಕ್ಕದಲ್ಲಿ ನಿಂತಿರ್ತೀರಿ."

"ಅಂದ್ರ ಬೆನ್ನ?"

"ಬೆನ್ನಿನ ವಿಷಯವೇ ಇಲ್ಲ ಸರ್."

ಅಷ್ಟಾದ ಮೇಲೆ ಒಪ್ಪಿದರು. ಆದರೆ ಗರಡಿಯ ಪದ್ಧತಿಯಲ್ಲೇ ಒಪ್ಪಬೇಕಲ್ಲ. ನಮ್ಮಲ್ಲಿ ಕುಸ್ತಿ ಗೊತ್ತು ಮಾಡುವುದೆಂದರೆ ಗರಡಿಯ ಹನುಮಪ್ಪ ದೇವರ ಮುಂದೆ ಎಲೆ ಅಡಿಕೆ, ತೆಂಗಿನಕಾಯಿ ಕೈಗೆ ಕೊಡಬೇಕು. ಅದೇ ವೀಳ್ಯ. ಹಿಡಿದ ವೀಳ್ಯವನ್ನು ಜೀವ ಇರುವವರೆಗೆ ಯಾರೂ ತಿರುಗಿ ಕೊಟ್ಟದ್ದಿಲ್ಲ. ನಿರ್ದೇಶಕ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವ ಚಂದದ ಶಾಸ್ತ್ರ ಅಂದುಕೊಂಡು ನಗುನಗುತ್ತ ಕೊಟ್ಟ. ನಮ್ಮ ಮನೆಯವರು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವರ ಗುರು, ವಸ್ತಾದ ದಾವಲಮಾಮಾ, ಹಣ್ಣು ಹಣ್ಣು ಮುದುಕ, ಗೋಡೆಗೆ ಒರಗಿ ಕೂತು ಅದನ್ನು ನೋಡುತ್ತಿದ್ದರು.

ಹೀರೋ ಒಳ್ಳೆಯವನು, ಸುಳ್ಳು ಹೇಳಬಾರದು. ತಿಂಗಳುಗಟ್ಟಲೆ ನಸುಕಿನಲ್ಲಿ ಗರಡಿಗೆ ಬಂದು ಇವರ ಕೈಯಲ್ಲಿ ಪಳಗಿದ. ಬೆಂಗಳೂರಿನಲ್ಲಿ ಕೋಳಿಯ ಎದೆಮಾಂಸವನ್ನು ತೂಕ ಮಾಡಿ ತಿನ್ನುತ್ತಿದ್ದವನು ನಮ್ಮ ಮನೆಯಲ್ಲಿ ರೊಟ್ಟಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ ತಿಂದು ಗುಂಡಗಾದ. ನಿರ್ದೇಶಕ ನನ್ನ ಮೇಲೆಯೇ ಕಣ್ಣು ಕೆಂಪಗೆ ಮಾಡಿದ. "ಉಣಸೂದೂ ತಪ್ಪೇನ್ ತಮ್ಮಾ?" ಅಂದೆ.

ರಿಂಗನ್ನು ಊರಾಚೆಯ ಪಾಳುಬಿದ್ದ ಹತ್ತಿ ಗಿರಣಿಯ ಅಂಗಳದಲ್ಲಿ ಹಾಕಿದರು. ಮೇಲೆ ಬಿಳಿ ಬಟ್ಟೆ ಹಾಸಿದ್ದರು, ಅದು ತೀರಾ ಹೊಸದಾಗಿ ಕಾಣುತ್ತದೆಂದು ಗರಡಿಯ ಕೆಂಪು ಮಣ್ಣನ್ನು ತರಿಸಿ ಬುಟ್ಟಿಗಟ್ಟಲೆ ಚೆಲ್ಲಿಸಿದರು. ಕ್ಯಾಮೆರಾ ಎತ್ತುವ ಯಂತ್ರ ದಾರಿಯಲ್ಲಿ ಕೆಟ್ಟಿತು, ಬಾವಿ ತೋಡುವ ಜೆಸಿಬಿ ತರಿಸಿ ಅದರ ಸೊಂಡಿಲಿಗೆ ಕ್ಯಾಮೆರಾದವನನ್ನು ಕೂರಿಸಿದರು. ರೆಫ್ರಿ ಪಾತ್ರಕ್ಕೆ ದೊಡ್ಡ ದನಿ ಬೇಕಿತ್ತು. ಜಮಖಂಡಿಯ ಕಾಳಿನ ಅಡತಿ ವ್ಯಾಪಾರಿಯೊಬ್ಬನಿಗೆ ಕಪ್ಪು ಟೈ ಕಟ್ಟಿದರು. ಹೊಟ್ಟೆಯ ಮೇಲೆ ಅದು ಅಡ್ಡಡ್ಡ ಮಲಗಿತ್ತು. ಪ್ರೇಕ್ಷಕರಾಗಿ ರಬಕವಿ ಬನಹಟ್ಟಿಯ ನೇಕಾರರು, ಗರಡಿಯವರು, ಹಲಗಿಯವರು, ಬಿಸಿಲಿಗೆ ಸೆರಗು ಹೊದ್ದ ಹೆಣ್ಣುಮಕ್ಕಳು. ಮಗ್ಗ ನಿಲ್ಲಿಸಿ ಬಂದ ಮಂದಿ, ಅವರಿಗೆ ಸಿನಿಮಾದ ಮೇಲಿನ ಆಸೆಗಿಂತ ಮಲಕಾಜಪ್ಪ ಮತ್ತೆ ಚಡ್ಡಿ ಹಾಕುತ್ತಾನೆಂಬ ಆಸೆ ಹೆಚ್ಚು.

ಮೊದಲ ಶಾಟು. ಕಥೆಯ ಪ್ರಕಾರ ಹೀರೋ ಮೊದಲು ಏಟು ತಿಂದು ಅಂಗಾತ ಬೀಳಬೇಕು, ರೆಫ್ರಿ ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲಬೇಕು. ನಮ್ಮ ಮನೆಯವರು ಗಾಳಿಗೆ ಗುದ್ದಿದರು. ಹೀರೋ ಬಿದ್ದ. ಬೆನ್ನು ನೆಲಕ್ಕೆ ಹತ್ತಿದ್ದೇ ಹತ್ತಿದ್ದು, "ಆತೂ! ಆತೂ!" ಅಂತ ಇಡೀ ಗಿರಣಿ ಎದ್ದಿತು. ಹಲಗಿ ಬಡಿಯತೊಡಗಿತು. ಗರಡಿಯವರು ಹಗ್ಗ ಹಾರಿ ಒಳಗೆ ನುಗ್ಗಿ, ನಮ್ಮ ಮನೆಯವರನ್ನು ಹೆಗಲ ಮೇಲೆ ಎತ್ತಿ, ಎಲ್ಲಿಟ್ಟಿದ್ದರೋ ಏನೋ, ಗುಲಾಬಿ ಪಟಕಾ ತೆಗೆದು ತಲೆಗೆ ಸುತ್ತಿಯೇಬಿಟ್ಟರು. ಕೆಳಗೆ ಬಿದ್ದ ಹೀರೋನ ಮೇಲೆ ಗುಲಾಲು.

"ಕಟ್! ಕಟ್!" ನಿರ್ದೇಶಕನ ಗಂಟಲು ಹರಿಯಿತು. "ಇನ್ನೂ ಮುಗಿದಿಲ್ಲ! ಅವನು ಎದ್ದೇಳ್ತಾನೆ!"

"ಬಿದ್ದ ಮ್ಯಾಲ ಎದ್ದರ ಏನ್ ಬಂತ್ರಿ?" ಅಂದ ಹಲಗಿಯವ.

"ಎದ್ದು ಮತ್ತೆ ಆಡ್ತಾನೆ!"

"ಬೆನ್ನ ಹತ್ತಿದ ಮ್ಯಾಲ ಆಡೂದಂದ್ರ ಅದೆಂಥಾ ನಾಚಿಕಿಲ್ಲದ ಆಟಾರಿ?"

ನಿರ್ದೇಶಕ ನನ್ನ ಕಡೆ ನೋಡಿದ. ನಾನೇನು ಮಾಡಲಿ? ನನ್ನ ಶಿಷ್ಯಂದಿರೇ ಅರ್ಧಕ್ಕರ್ಧ ಕೂತಿದ್ದರು. ಎದ್ದು ನಿಂತು ತರಗತಿಯಂತೆ ಪಾಠ ಮಾಡಿದೆ. ಬಾಕ್ಸಿಂಗಿನಲ್ಲಿ ಬೀಳುವುದು ಸೋಲಲ್ಲ, ಏಳದಿರುವುದು ಸೋಲು ಅಂದೆ. ಎಲ್ಲರೂ "ಹೌದ್ರಿ ಅಕ್ಕೋರ" ಅಂದರು. ಎರಡನೆಯ ಸಲ ಹೀರೋ ಬಿದ್ದ. ಹಲಗಿ ಬಡಿಯಲಿಲ್ಲ, ಪಟಕಾ ಬರಲಿಲ್ಲ. ಎಲ್ಲರೂ ಶಾಂತವಾಗಿ ಎದ್ದು, ಧೋತರದ ಧೂಳು ಜಾಡಿಸಿಕೊಂಡು, ಚಹಾದ ಗಾಡಿಯ ಕಡೆ ಹೊರಟರು. ಮೂರನೆಯ ಸಲ ಕೂತರು. ಆಗ ರೆಫ್ರಿ ಎಣಿಸಲು ಶುರು ಮಾಡಿದ, "ಲಾಭಾ... ಎರಡಾ... ಮೂರಾ..." ಕಾಳು ಅಳೆಯುವವನು ಜನ್ಮದಲ್ಲಿ 'ಒಂದು' ಅಂದವನಲ್ಲ, ಮೊದಲ ಅಳತೆಗೆ ಲಾಭ ಅನ್ನುವುದೇ ರೂಢಿ. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಮಣ್ಣಿನಲ್ಲಿ ಕೂತುಬಿಟ್ಟ. ಅವನಿಗೆ ಬೈಯಬೇಕೆಂದಿದ್ದವಳು ಒಂದು ಲೋಟ ಮಜ್ಜಿಗೆ ಕೊಟ್ಟೆ.

ಹೀಗೆ ಬಿದ್ದು ಎದ್ದು ಕೊನೆಯ ದಿನಕ್ಕೆ ಬಂದೆವು. ಕೊನೆಯ ಶಾಟು, ರೆಫ್ರಿ ಹೀರೋನ ಕೈ ಎತ್ತುವುದು. ಅಷ್ಟು ಮುಗಿದರೆ ನನ್ನ ಅಡುಗೆಮನೆ ನನಗೆ ಮರಳಿ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಬೆಳಿಗ್ಗೆ ನಿರ್ದೇಶಕ ಜೆಸಿಬಿಯ ಸೊಂಡಿಲು ಹತ್ತಿ ಮೇಲಿನಿಂದ ರಿಂಗು ನೋಡಿದ. ಕೆಂಪು ಮಣ್ಣು, ಸುತ್ತ ಬಿಳಿ ಪಟಕಾಗಳು. ಅವನ ತಲೆಯೊಳಗೆ ಏನು ಹೊಕ್ಕಿತೋ, ಇಳಿದವನೇ ನಮ್ಮ ಮನೆಯವರ ಹತ್ತಿರ ಬಂದ. "ಸರ್, ಪಾಯಿಂಟ್ಸ್ ಬೇಡ. ನೀವು ಬೀಳ್ತೀರಿ. ಅಂಗಾತ. ಎರಡೂ ಕೈ ಚಾಚಿ. ಮೇಲಿಂದ ಶಾಟ್. ಇಡೀ ಸಿನಿಮಾ ಆ ಒಂದು ಶಾಟಲ್ಲಿದೆ."

ನಮ್ಮ ಮನೆಯವರು ಗ್ಲೋವ್ಸ್ ಹಾಕಿದ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ನೆಲ ನೋಡಿದರು.

"ಬಕ್ಕಬಾರಲ ಬೀಳ್ತೇನ್ರಿ" ಅಂದರು ಕೊನೆಗೆ.

"ಮುಖ ಕಾಣಬೇಕು ಸರ್. ಎರಡೇ ಸೆಕೆಂಡು. ಬಿದ್ದು ಎದ್ದುಬಿಡಿ."

ಎರಡೇ ಸೆಕೆಂಡಂತೆ! ನನಗೆ ನೆತ್ತಿ ಉರಿದುಹೋಯಿತು. ಇಷ್ಟು ವರ್ಷ ಆ ಬೆನ್ನನ್ನು ನನ್ನಷ್ಟು ಆಡಿಕೊಂಡವರು ಯಾರೂ ಇಲ್ಲ. ಅದರ ಗರ್ವ ಇಳಿಯಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲಿ ಅಂದುಕೊಂಡವಳು. ಆದರೆ ಈ ಹೊರಗಿನವನ ಬಾಯಲ್ಲಿ ಆ ಮಾತು ಕೇಳಿದಾಗ, ಯಾರೋ ನಮ್ಮ ಜಗಲಿಯ ದೇವರನ್ನು ಕಾಲಿನಿಂದ ಸರಿಸಿದಂತಾಯಿತು. "ತಮ್ಮಾ, ನೀ ಬಂದಾಗ ಹೇಳಿದ್ದ ಏನು, ಈಗ ಹೇಳಾಕತ್ತಿದ್ದ ಏನು? ಬೆನ್ನಿನ ವಿಷಯನ ಇಲ್ಲ ಅಂದಿದ್ದಿ. ಇವರು ಬೀಳೂದಿಲ್ಲ. ನಿನ್ನ ಜೆಸಿಬಿ ತಗೊಂಡ್ ಹೋಗು" ಅಂದೆ. ನನ್ನ ದನಿಗೆ ಗಿರಣಿಯ ಪಾರಿವಾಳಗಳು ಹಾರಿದವು. ಹೀರೋ ಕೂಡ ಬಂದು, "ಬೇಡ ಸರ್, ಮೊದಲಿನ ಹಾಗೇ ಮಾಡೋಣ" ಅಂತ ನಿರ್ದೇಶಕನ ಕೈ ಹಿಡಿದ. ನಿರ್ದೇಶಕನ ಕಣ್ಣಿನಲ್ಲೂ ನೀರು. ಅವನಿಗೂ ಅದು ಮೊದಲ ಸಿನಿಮಾ.

ನಮ್ಮ ಮನೆಯವರು ಎದ್ದರು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ದಾವಲಮಾಮಾ ಕೂತಿದ್ದರು. ಅವರ ಕಾಲ ಹತ್ತಿರ ಹೋಗಿ ಕೂತು, "ವಸ್ತಾದರ, ಅಂಗಾತ ಬೀಳಬೇಕಂತ್ರಿ. ಏನ್ ಮಾಡ್ಲಿ?" ಅಂದರು. ಮುದುಕ ಬಗ್ಗಿ ಇವರ ಮುಖ ನೋಡಿದರು.

"ವೀಳ್ಯಾ ಹಿಡದಿ?"

"ಹಿಡದೇನ್ರಿ."

"ಮತ್ತ ನನ್ನ ಯಾಕ ಕೇಳ್ತಿ?"

ಗರಡಿಯವರೊಳಗೆ ಗುಸುಗುಸು ಶುರುವಾಯಿತು. ಕೆಳಗೆ ಬಟ್ಟೆ ಹಾಸಿದ್ದಾರೆ, ಬಟ್ಟೆ ಹತ್ತಿದರೆ ಮಣ್ಣು ಹತ್ತಿದಂತಲ್ಲ ಅಂದ ಒಬ್ಬ. ಬಟ್ಟೆಯ ಮೇಲೆ ಮಣ್ಣಿದೆಯಲ್ಲ, ಅದೂ ನಮ್ಮ ಗರಡಿಯದೇ ಮಣ್ಣು ಅಂದ ಇನ್ನೊಬ್ಬ. ನಾಟಕದಲ್ಲಿ ಸತ್ತವನಿಗೆ ಯಾರಾದರೂ ತಿಥಿ ಮಾಡುತ್ತಾರೆಯೇ ಅಂದ ಮತ್ತೊಬ್ಬ. ಆ ಪಂಚಾಯಿತಿ ಮುಗಿಯುವ ಮೊದಲೇ ನಮ್ಮ ಮನೆಯವರು ಹಗ್ಗ ಎತ್ತಿ ಒಳಗೆ ಹೋಗಿದ್ದರು. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಹೀರೋ ಮುಷ್ಟಿ ಎತ್ತದೆ ನಿಂತಿದ್ದ. "ಹೊಡಿಯಪಾ, ನಾ ಅದೇನಿ" ಅಂದರು.

ಆಗ ನನಗೆ ಹೊಳೆಯಿತು, ಇದೆಂಥ ಅನ್ಯಾಯ ಅಂತ. ಎಂಥೆಂಥ ಆಸಾಮಿಗಳು ಬಂದು, ಕೊಲ್ಲಾಪುರ ಸಾಂಗ್ಲಿಯಿಂದ ಬಂದು, ಮೈಮೇಲೆ ಬಿದ್ದು, ಕುತ್ತಿಗೆಗೆ ಕೈ ಹಾಕಿ ಕೆಡವಲಾರದೆ ಹೋದ ಈ ದೇಹವನ್ನು ಈಗ ಯಾರೂ ಮುಟ್ಟುವುದೂ ಇಲ್ಲ. ಒಂದು ಕೊಡದಷ್ಟು ದೂರದಲ್ಲಿ ಗಾಳಿ ಅಲುಗುತ್ತದೆ, ಅಷ್ಟೇ. ಬೀಳಬೇಕಾದವರು ತಾವೇ ಬೀಳಬೇಕು. ಯಾರಾದರೂ ಬೀಳಿಸಿದ್ದರೆ ಅವರ ಮೇಲೆ ಸಿಟ್ಟಾದರೂ ಆಗಬಹುದಿತ್ತು.

ಆಕ್ಷನ್ ಅಂದರು. ಹೀರೋ ಗಾಳಿಗೆ ಹೊಡೆದ. ನಮ್ಮ ಮನೆಯವರ ಮೊಣಕಾಲು ಸಡಿಲವಾದದ್ದು ಕಂಡಿತು. ಆ ಕ್ಷಣಕ್ಕೆ ಮುಂದಿನ ಕುರ್ಚಿಯ ದಾವಲಮಾಮಾ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದರು. ಅವರ ಹಿಂದಿನವನು ತಿರುಗಿಸಿದ. ಅವನ ಹಿಂದಿನವನೂ. ಗಾಳಿಗೆ ಜೋಳದ ಹೊಲ ಹೊರಳಿದಂತೆ, ಗಿರಣಿಯ ಅಂಗಳದ ಅಷ್ಟೂ ತಲೆಗಳು ಗೋಡೆಯ ಕಡೆ, ಆಕಾಶದ ಕಡೆ, ಚಹಾದ ಗಾಡಿಯ ಕಡೆ ತಿರುಗಿದವು. ಯಾರೂ ಹೇಳಿರಲಿಲ್ಲ. ರೆಫ್ರಿ ಕೂಡ ಹಗ್ಗದ ಕಡೆ ಮುಖ ಮಾಡಿಕೊಂಡು, ಒಡೆದ ದನಿಯಲ್ಲಿ, "ಲಾಭಾ... ಎರಡಾ..." ಅಂತ ಎಣಿಸತೊಡಗಿದ.

ನಾನು ಮಾತ್ರ ತಿರುಗಲಿಲ್ಲ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳದೆ ನೋಡಿದೆ. ಮನುಷ್ಯ ಅಷ್ಟು ಕಷ್ಟಪಟ್ಟು ಒಂದು ಕೆಲಸ ಮಾಡುವಾಗ ಅವನ ಕಡೆಯವರು ಒಬ್ಬರಾದರೂ ನೋಡಬೇಕು ಅನಿಸಿತು. ಅವರು ಸೊಂಟ ಊರಿ, ಭುಜ ಊರಿ, ತಪ್ಪಿಸಿಕೊಳ್ಳದೆ ಪೂರ್ತಿ ಬಿದ್ದರು. ಎರಡೂ ಕೈ ಚಾಚಿದರು. ಮಣ್ಣು ಹಾರಿತು.

"ಕಟ್! ಯಾರೂ ರಿಂಗ್ ಕಡೆ ನೋಡ್ತಾನೇ ಇಲ್ಲ! ಒನ್ ಮೋರ್!"

ದಾವಲಮಾಮಾ ಕೋಲೂರಿ ಎದ್ದು ನಿಂತರು. "ವೀಳ್ಯಾ ಒಂದ, ಬೀಳೂದೂ ಒಂದ" ಅಂದರು. ಹೀರೋ ಗ್ಲೋವ್ಸ್ ಬಿಚ್ಚಿ ಕೆಳಗಿಟ್ಟ. ನಿರ್ದೇಶಕ ಒಮ್ಮೆ ಅವನನ್ನು, ಒಮ್ಮೆ ಮುದುಕರನ್ನು, ಒಮ್ಮೆ ನನ್ನನ್ನು ನೋಡಿದ. ನನ್ನ ಮುಖ ಹೇಗಿತ್ತೋ, ಮೆಲ್ಲಗೆ "ಪ್ಯಾಕಪ್" ಅಂದ.

ಸಿನಿಮಾದಲ್ಲಿ ಅದೇ ಶಾಟು ಉಳಿಯಿತು. ಪೇಪರಿನಲ್ಲಿ ಒಬ್ಬರು ದೊಡ್ಡದಾಗಿ ಬರೆದಿದ್ದರು. ಸೋತವನತ್ತ ಲೋಕ ಹೇಗೆ ಮುಖ ತಿರುಗಿಸುತ್ತದೆಂಬ ಕ್ರೂರ ಸತ್ಯವನ್ನು ನಿರ್ದೇಶಕರು ಈ ಒಂದೇ ಚಿತ್ರಿಕೆಯಲ್ಲಿ ಹಿಡಿದಿದ್ದಾರಂತೆ. ಓದಿ ಪೇಪರನ್ನು ರೊಟ್ಟಿಯ ಬುಟ್ಟಿಗೆ ಹಾಸಿದೆ. ಕ್ರೂರವಂತೆ! ಇವರಿಗೆ ಯಾರು ತಿಳಿಸಿ ಹೇಳಬೇಕು?

ಅವತ್ತು ಮಧ್ಯಾಹ್ನ ಶೂಟಿಂಗ್ ಮುಗಿಸಿ ಮನೆಗೆ ಬಂದರೆ ಹಿಂದೆಯೇ ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬನಿಗೆ ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಕಳೆದಿತ್ತಂತೆ, ಬಗ್ಗಿ ಹುಡುಕುತ್ತಿದ್ದನಂತೆ. ಇನ್ನೊಬ್ಬನ ಕಣ್ಣಿಗೆ ಕಸ ಬಿದ್ದಿತ್ತಂತೆ. ಹಲಗಿಯವನು ಹಲಗಿ ಕಾಯಿಸಲು ಹೋಗಿದ್ದನಂತೆ. "ಏನೂ ಕಾಣಲಿಲ್ಲರಿ ಪೈಲವಾನರ, ಬಿಸಲಿಗೆ ಕಣ್ಣ ಕತ್ತಲಿ ಬಂದಿತ್ತ್ರಿ" ಅಂದ ಅಡತಿ ವ್ಯಾಪಾರಿ, ಕೈಯಳತೆ ದೂರದಲ್ಲಿ ನಿಂತು ಎಣಿಸಿದವನು. ಎಲ್ಲರಿಗೂ ಚಹಾ ಮಾಡುವವಳು ನಾನು. ನಮ್ಮ ಮನೆಯವರು ಎಲ್ಲರ ಮಾತಿಗೂ ತಲೆಯಾಡಿಸುತ್ತ, ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದರು. ರಿಂಗಿನಿಂದ ಇಳಿದವರೇ ಬರಿಮೈ ಮೇಲೆ ಹಾಕಿಕೊಂಡಿದ್ದ ಅಂಗಿಯನ್ನೂ ಬಿಚ್ಚಿರಲಿಲ್ಲ.

ಕೊನೆಯವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಂದೆ. ಅವರು ನನ್ನನ್ನು ನೋಡಲಿಲ್ಲ.

"ನೀನರ ನೋಡಿದೇನು?"

ಅಲ್ಲಿ ನಿಂತು 'ನೋಡಿಲ್ಲ' ಅನ್ನುವುದು ಬಹಳ ಸುಲಭವಿತ್ತು, ಊರೇ ಅಂದಿತ್ತು. ಆದರೆ ಊರಿಗೆ ಹೇಳಲು ಬರುವುದೆಲ್ಲ ಹೆಂಡತಿಗೆ ಬರುವುದಿಲ್ಲ.

"ನೋಡಿದ್ನಿರಿ."

"ಹೆಂಗ ಬಿದ್ದೆ?"

"ಛಲೋ ಬಿದ್ರಿ."

ಅವರು ಮೆಲ್ಲಗೆ ಗುಂಡಿ ತೆಗೆದು ಅಂಗಿ ಬಿಚ್ಚಿದರು. ನನಗೆ ಬೆನ್ನು ಮಾಡಿ ಕೂತರು.

"ಮಣ್ಣ ಹತ್ತೇತೇನು?"

"ಹತ್ತೇತ್ರಿ."

ಎಂದಿನ ತಮ್ಮ ದನಿಯಲ್ಲಿ, "ಹಂಗಾರ ಒರಸು" ಅಂದರು.

ಒದ್ದೆ ಅರಿವೆ ತಂದು ಒರೆಸಿದೆ. ಒಂದೇ ಸಲಕ್ಕೆ ಹೋಯಿತು.